ಫೀಸಿಗೆ ಕಾಸಿಲ್ಲ, ಬೇಸ್ ಗಿಟಾರ್ ಮಾತ್ರ ಕಲಿಯಲೇಬೇಕು: ಹೇಗೆ?

ಮೊದಲು ಒಂದು ಇಯರ್‌ಫೋನ್ ಹುಡುಕಿಕೊಳ್ಳಿ. ಗಿಟಾರ್ ಆಮೇಲೆ. ಯಾಕೆಂದರೆ ಬೇಸ್ ಅನ್ನೋದು ಹಾಡಿನಲ್ಲಿ ಎಲ್ಲಿದೆ ಅಂತಲೇ ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ, ಅದು ಅವರ ತಪ್ಪೂ ಅಲ್ಲ. ಫೋನಿನ ಪುಟ್ಟ ಸ್ಪೀಕರಿಗೆ ಅಷ್ಟು ತಗ್ಗಿನ ದನಿ ಹೊರಡಿಸುವ ಶಕ್ತಿಯೇ ಇಲ್ಲ. ಬೇಸ್‌ನ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಅದುರುತ್ತದೆ. ಫೋನಿನಲ್ಲಿ ಅದು ಬರೀ ಗಾಳಿ. ಇಳಯರಾಜ ಸಂಗೀತದ, 1981ರ ‘ಗೀತಾ’ ಚಿತ್ರದ ಹಾಡುಗಳನ್ನು ಒಮ್ಮೆ ಇಯರ್‌ಫೋನ್ ಹಾಕಿ ಕೇಳಿ. ಹಾಡುವವರನ್ನು ಬಿಟ್ಟುಬಿಡಿ, ಪಿಟೀಲುಗಳನ್ನೂ ಬಿಡಿ, ಎಲ್ಲದರ ಕೆಳಗೆ ತನ್ನ ಪಾಡಿಗೆ ನಡೆದುಕೊಂಡು ಹೋಗುವ ಒಂದು ದನಿ ಇದೆ ನೋಡಿ, ಅದನ್ನು ಬಾಯಲ್ಲಿ ಗುನುಗಲು ಬಂತು ಅಂದರೆ ನಿಮ್ಮ ಮೊದಲ ಪಾಠ ಮುಗಿಯಿತು. ಖರ್ಚು ಸೊನ್ನೆ.

ಮೇಷ್ಟ್ರು ಫೀಸು ತಗೊಂಡು ಕೊಡುವುದು ಮುಖ್ಯವಾಗಿ ಎರಡೇ. ಒಂದು, ಯಾವುದಾದ ಮೇಲೆ ಯಾವುದು ಅನ್ನುವ ಕ್ರಮ. ಇನ್ನೊಂದು, ನೀವು ತಪ್ಪಿದಾಗ ‘ತಪ್ಪು’ ಅನ್ನುವುದು. ಕ್ರಮ ನಮ್ಮಲ್ಲಿ ಪುಕ್ಕಟೆ ಸಿಗುತ್ತದೆ, ಹೇಗೆ ಅಂತ ಮುಂದೆ ಹೇಳುತ್ತೇನೆ. ಕಷ್ಟ ಇರುವುದು ಎರಡನೆಯದರಲ್ಲಿ.

ಇನ್ನೊಂದು ಅನುಕೂಲವೂ ಇದೆ. ಬೇಸ್ ಗಿಟಾರಿಗೆ ಫ್ರೆಟ್‌ಗಳಿವೆ, ಅಂದರೆ ಕುತ್ತಿಗೆಯ ಮೇಲೆ ಅಡ್ಡಕ್ಕೆ ಕೂರಿಸಿದ ಲೋಹದ ಗೆರೆಗಳು. 1951ರಲ್ಲಿ ಅಮೆರಿಕದ ಗಿಟಾರ್ ತಯಾರಕ ಲಿಯೋ ಫೆಂಡರ್ ತನ್ನ ಬೇಸಿಗೆ ‘ಪ್ರಿಸಿಷನ್’ (ಅಂದರೆ ನಿಖರತೆ) ಅಂತ ಹೆಸರಿಟ್ಟಿದ್ದೇ ಇದಕ್ಕೆ: ಬೆರಳು ಕೂದಲೆಳೆ ಆಚೀಚೆ ಆದರೂ ಸ್ವರ ಸರಿಯಾಗಿಯೇ ಬರುತ್ತದೆ. ಪಿಟೀಲನ್ನು ಗುರುವಿಲ್ಲದೆ ಕಲಿಯಿರಿ ಅಂತ ನಾನು ಯಾರಿಗೂ ಹೇಳಲಾರೆ. ಬೇಸನ್ನು ಧೈರ್ಯವಾಗಿ ಹೇಳುತ್ತೇನೆ.

ವಾದ್ಯ ಎಲ್ಲಿಂದ?

ಮನೆಯಲ್ಲೋ ಗೆಳೆಯನ ಹತ್ತಿರವೋ ಸಾದಾ ಗಿಟಾರ್ ಇದ್ದರೆ ಬೇಸ್ ಕೊಳ್ಳುವ ಮೊದಲೇ ಶುರು ಮಾಡಬಹುದು. ಗಿಟಾರಿನ ಆರು ತಂತಿಗಳಲ್ಲಿ ದಪ್ಪನೆಯ ನಾಲ್ಕನ್ನು ನೋಡಿ: ಇ, ಎ, ಡಿ, ಜಿ. ಬೇಸಿನ ನಾಲ್ಕು ತಂತಿಗಳೂ ಅವೇ, ಒಂದು ಸ್ಥಾಯಿ ಕೆಳಗೆ ಅಷ್ಟೇ. ಯಾವ ಸ್ವರ ಎಲ್ಲಿದೆ ಅನ್ನುವ ನಕ್ಷೆ ಎರಡಕ್ಕೂ ಒಂದೇ. ಎರಡು ತಿಂಗಳು ಹೀಗೇ ತಳ್ಳಿ. ಆಮೇಲೂ ಆಸೆ ಉಳಿದಿದ್ದರೆ ದುಡ್ಡು ಹೊಂದಿಸಿ.

ಹೊಸದಕ್ಕಿಂತ ಹಳೆಯದೇ ವಾಸಿ. ನಮ್ಮ ಊರುಗಳಲ್ಲಿ ಗಣೇಶೋತ್ಸವ, ರಾಜ್ಯೋತ್ಸವಕ್ಕೆ ಬರುವ ಎಷ್ಟೋ ಆರ್ಕೆಸ್ಟ್ರಾಗಳಲ್ಲಿ ಬೇಸನ್ನು ಕೀಬೋರ್ಡಿನವರೇ ಎಡಗೈಯಲ್ಲಿ ಮುಗಿಸಿಬಿಡುತ್ತಾರೆ. ಹಾಗಾಗಿ ಹಳೆ ಬೇಸುಗಳು ಮಂಚದ ಕೆಳಗೆ ಸೇರಿರುತ್ತವೆ. ನನಗೆ ಸಿಕ್ಕಿದ್ದೂ ಹಾಗೆಯೇ, ನಾಲ್ಕೂವರೆ ಸಾವಿರಕ್ಕೆ, ದಾವಣಗೆರೆಯ ಆರ್ಕೆಸ್ಟ್ರಾ ಅಣ್ಣನೊಬ್ಬನಿಂದ. ‘ತಗೊಂಡ್ ಹೋಗು ತಮ್ಮಾ, ಈಗ ಎಲ್ಲಾ ಕೀಬೋರ್ಡ್‌ನಾಗೇ ನಡೀತೈತಿ’ ಅಂದಿದ್ದ. ಖುಷಿಯಲ್ಲಿ ನೋಡದೆ ತಂದೆ. ಒಂಬತ್ತನೇ ಫ್ರೆಟ್ಟಿನಿಂದ ಮೇಲೆ ಎಲ್ಲಿ ಒತ್ತಿದರೂ ಝೀ ಅನ್ನುತ್ತಿತ್ತು.

ಆದ್ದರಿಂದ ನೀವು ನೋಡಿ ತನ್ನಿ. ದಪ್ಪ ತಂತಿಯನ್ನು ಮೊದಲ ಫ್ರೆಟ್ಟಿನಲ್ಲೂ ಕಟ್ಟಕಡೆಯ ಫ್ರೆಟ್ಟಿನಲ್ಲೂ ಒಟ್ಟಿಗೆ ಒತ್ತಿಹಿಡಿದು, ನಡುವೆ ಏಳು-ಎಂಟನೇ ಫ್ರೆಟ್ಟಿನ ಹತ್ತಿರ ಬಗ್ಗಿ ನೋಡಿ. ತಂತಿಗೂ ಫ್ರೆಟ್ಟಿಗೂ ನಡುವೆ ವಿಸಿಟಿಂಗ್ ಕಾರ್ಡ್ ತೂರುವಷ್ಟು ಜಾಗ ಇದ್ದರೆ ಚೆನ್ನಾಗಿದೆ. ಬೆರಳೇ ತೂರುವ ಹಾಗಿದ್ದರೆ ಕುತ್ತಿಗೆ ಬಿಲ್ಲಾಗಿದೆ, ಬಿಟ್ಟುಬನ್ನಿ. ಆಮೇಲೆ ಪ್ರತಿ ತಂತಿಯ ಪ್ರತಿ ಫ್ರೆಟ್ಟನ್ನೂ ಒಂದೊಂದೇ ಒತ್ತಿ ಮೀಟಿ, ಮಾರುವವರು ಗೊಣಗಿದರೂ ಬಿಡಬೇಡಿ. ವೈರು ಚುಚ್ಚುವ ಜಾಗ ಕರಕರ ಅಂದರೆ ಹೆದರಬೇಕಿಲ್ಲ, ರೇಡಿಯೋ ರಿಪೇರಿ ಮಾಡುವವರು ಬೆಸುಗೆ ಹಾಕಿಕೊಡುತ್ತಾರೆ. ತಂತಿ ಹಳತಾಗಿದೆ ಅಂತಲೂ ಬಿಡಬೇಡಿ. ಬೇಸ್ ತಂತಿಗೆ ದುಡ್ಡು ಜಾಸ್ತಿ, ನಿಜ, ಆದರೆ ಅಮೆರಿಕದ ಮೋಟೌನ್ ಕಂಪನಿಯ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ತಂತಿ ಹರಿಯುವ ತನಕ ಬದಲಾಯಿಸುತ್ತಿರಲಿಲ್ಲ. ಬಲಗೈಯಲ್ಲಿ ತೋರುಬೆರಳೊಂದರಿಂದಲೇ ಮೀಟುತ್ತಿದ್ದ ಮನುಷ್ಯ ಆತ.

ಆಂಪ್, ಅಂದರೆ ದನಿ ದೊಡ್ಡದು ಮಾಡುವ ಸ್ಪೀಕರ್ ಪೆಟ್ಟಿಗೆ, ಇಲ್ಲವೇ? ಬೇಸಿನ ಒಡಲಿನಿಂದ ಚಾಚಿಕೊಂಡಿರುವ ಮೇಲಿನ ಕೊಂಬನ್ನು ಮರದ ಬೀರುವಿಗೋ ಮೇಜಿಗೋ ಒತ್ತಿ ಕೂತು ನುಡಿಸಿ. ಮರವೇ ದನಿ ಕೊಡುತ್ತದೆ. ತಿಂಗಳುಗಟ್ಟಲೆ ಹೀಗೆ ನಡೆಯುತ್ತದೆ, ಆದರೆ ಒಂದು ಅಪಾಯ ಇದೆ. ಕೇಳಿಸುತ್ತಿಲ್ಲ ಅಂತ ಕೈ ತನಗೆ ಗೊತ್ತಿಲ್ಲದೆ ಜೋರಾಗಿ ಕೀಳಲು ಕಲಿಯುತ್ತದೆ. ಮುಂದೆ ಆಂಪಿಗೆ ಹಾಕಿದ ದಿನ ಬಡಬಡ ಸದ್ದು. ಹಾಗಾಗಿ ಆಗಾಗ ಯಾರದಾದರೂ ಆಂಪಿಗೆ ಹಾಕಿ ನೋಡಿ. ಗಿಟಾರಿನ ಸಣ್ಣ ಆಂಪಾದರೂ ಪರವಾಗಿಲ್ಲ, ದನಿ ಕಮ್ಮಿ ಇಟ್ಟುಕೊಳ್ಳಿ. ಜೋರು ಮಾಡಿದರೆ ಅದರ ಸ್ಪೀಕರ್ ಹರಿದೀತು.

ಶ್ರುತಿ, ಆಮೇಲೆ ಕೈ

ಶ್ರುತಿ ಮಾಡಲು ಫೋನಿನಲ್ಲಿ ಪುಕ್ಕಟೆ ಟ್ಯೂನರ್ ಆ್ಯಪ್‌ಗಳಿವೆ. ದಪ್ಪ ತಂತಿ ಮೀಟಿದರೆ ಕೆಲವು ಫೋನುಗಳಿಗೆ ಗೊತ್ತೇ ಆಗುವುದಿಲ್ಲ, ಮುಳ್ಳು ಸುಮ್ನೆ ಕುಣಿಯುತ್ತದೆ. ಆಗ 12ನೇ ಫ್ರೆಟ್ಟಿನ ಲೋಹದ ಗೆರೆಯ ನೇರ ಮೇಲೆ ತಂತಿಯನ್ನು ಬೆರಳಿನಿಂದ ಬರೀ ಮುಟ್ಟಿ (ಒತ್ತಬೇಡಿ), ಮೀಟಿ, ತಕ್ಷಣ ಬೆರಳು ತೆಗೆಯಿರಿ. ಗಂಟೆಯಂಥ ದನಿ ಬರುತ್ತದೆ. ಒಂದು ಸ್ಥಾಯಿ ಮೇಲಿನ ಅದೇ ಸ್ವರ ಅದು, ಫೋನಿಗೂ ಕೇಳುತ್ತದೆ. ಜೊತೆಗೆ ಆ್ಯಪ್ ಇಲ್ಲದೆ ಮಾಡುವುದನ್ನೂ ಕಲಿಯಿರಿ: ದಪ್ಪ ತಂತಿಯ ಐದನೇ ಫ್ರೆಟ್ಟೂ ಅದರ ಪಕ್ಕದ ತಂತಿಯ ಖಾಲಿ ದನಿಯೂ ಒಂದೇ ಆಗಿರಬೇಕು. ಮುಂದಿನ ತಂತಿಗಳಿಗೂ ಇದೇ ಲೆಕ್ಕ.

ಬಲಗೈ ಹೆಬ್ಬೆರಳು ಪಿಕಪ್ (ತಂತಿಗಳ ಕೆಳಗೆ ಕೂರಿಸಿದ, ಅವುಗಳ ಅದುರನ್ನು ಹಿಡಿಯುವ ಪಟ್ಟಿ) ಮೇಲೆ ಕೂರಲಿ. ತೋರುಬೆರಳು, ನಡುಬೆರಳು ಒಂದಾದ ಮೇಲೊಂದು ನಡೆಯಲಿ, ಎರಡು ಕಾಲಲ್ಲಿ ನಡೆದ ಹಾಗೆ. ತಂತಿಯನ್ನು ಮೇಲಕ್ಕೆ ಎತ್ತಿ ಕೀಳಬೇಡಿ. ಮೀಟಿದ ಬೆರಳು ಹಿಂದಿನ ದಪ್ಪ ತಂತಿಗೆ ಹೋಗಿ ಒರಗಿ ನಿಲ್ಲಬೇಕು. ಇದರಿಂದ ಇನ್ನೊಂದು ಲಾಭ, ಆ ದಪ್ಪ ತಂತಿ ತಾನಾಗೇ ಸುಮ್ಮನಾಗುತ್ತದೆ. ಬೇಸ್ ನುಡಿಸುವುದರಲ್ಲಿ ಅರ್ಧ ಕೆಲಸ ಬೇಡದ ತಂತಿಗಳ ಬಾಯಿ ಮುಚ್ಚಿಸುವುದು. ವಿಡಿಯೋಗಳಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ.

ಎಡಗೈ ಬೆರಳು ಫ್ರೆಟ್ಟಿನ ಗೆರೆಗೆ ತಾಗಿದಂತೆ ಅದರ ಹಿಂದೆ ಒತ್ತಲಿ, ಎರಡು ಗೆರೆಗಳ ನಡುಮಧ್ಯೆ ಅಲ್ಲ. ಗೆರೆಗೆ ಹತ್ತಿರವಾದಷ್ಟೂ ಕಡಿಮೆ ಶಕ್ತಿ ಸಾಕು. ಬೇಸ್‌ನ ತಲೆಯ ಹತ್ತಿರ ಫ್ರೆಟ್‌ಗಳು ಅಗಲ, ಕೈ ಸಣ್ಣದಿದ್ದರೆ ನಾಲ್ಕು ಬೆರಳಿಗೆ ನಾಲ್ಕು ಫ್ರೆಟ್ ಅಂತ ಹಟ ಮಾಡಬೇಡಿ. ತೋರು, ನಡು, ಕಿರುಬೆರಳಿನಲ್ಲಿ ಮೂರು ಫ್ರೆಟ್ ಹಿಡಿದು ಕೈಯನ್ನೇ ಸರಿಸಿ. ಬೆರಳ ತುದಿ ಉರಿದರೆ ಸಹಿಸಿಕೊಳ್ಳಿ, ಎರಡು-ಮೂರು ವಾರದಲ್ಲಿ ಗಟ್ಟಿಯಾಗುತ್ತದೆ. ಮಣಿಕಟ್ಟು ಅಥವಾ ಮೊಣಕೈ ತನಕದ ತೋಳು ನೋಯ್ದರೆ ಮಾತ್ರ ಅಂದಿನದನ್ನು ಅಲ್ಲಿಗೇ ನಿಲ್ಲಿಸಿ. ಕೈ ಇಟ್ಟ ರೀತಿಯಲ್ಲೇ ಏನೋ ತಪ್ಪಿದೆ ಅಂತ ಅರ್ಥ.

ಮೊದಲ ತಿಂಗಳು ಏನು ನುಡಿಸಬೇಕು?

ಮೊದಲ ವಾರ ಬರೀ ಒಂದು ಸ್ವರ. ತಮಾಷೆಯಲ್ಲ. ಗೂಗಲ್‌ನಲ್ಲಿ ಮೆಟ್ರೊನೋಮ್ (ತಾಳಕ್ಕೆ ಟಕ್ ಟಕ್ ಅನ್ನುವ ಯಂತ್ರ) ಅಂತ ಹುಡುಕಿದರೆ ಅಲ್ಲೇ ಒಂದು ತೆರೆದುಕೊಳ್ಳುತ್ತದೆ. ನಿಮಿಷಕ್ಕೆ 60 ಟಕ್‌ಗೆ ಇಟ್ಟು, ಪ್ರತಿ ಟಕ್‌ಗೆ ಒಂದು ಸಲ ಮೀಟಿ. ನಿಮ್ಮ ದನಿ ಟಕ್ಕನ್ನು ಪೂರ್ತಿ ಮುಚ್ಚಿಬಿಟ್ಟರೆ ತಾಳ ಸರಿ ಇದೆ. ಟಕ್ ಬೇರೆ, ಬೇಸ್ ಬೇರೆ ಕೇಳಿಸಿತೋ, ನೀವು ಮುಂದೆ ಓಡಿದ್ದೀರಿ, ಇಲ್ಲವೇ ಹಿಂದೆ ಬಿದ್ದಿದ್ದೀರಿ. ಆಮೇಲೆ ಅಷ್ಟೇ ಮುಖ್ಯವಾದ ಇನ್ನೊಂದು ಕೆಲಸ, ಸ್ವರವನ್ನು ಎಲ್ಲಿ ನಿಲ್ಲಿಸುತ್ತೀರಿ ಅನ್ನುವುದನ್ನು ಗಮನಿಸಿ.

ಎರಡನೇ ವಾರ ಸ-ಪ-ಸ. ತಂಬೂರಿಯ ಲೆಕ್ಕವೇ. ಯಾವ ಫ್ರೆಟ್ಟಿನಲ್ಲಿ ಬೇಕಾದರೂ ಸ ಹಿಡಿಯಿರಿ. ಪಕ್ಕದ ಸಣ್ಣ ತಂತಿಯಲ್ಲಿ ಎರಡು ಫ್ರೆಟ್ ಮುಂದೆ ಪ ಇದೆ. ಅದರ ಪಕ್ಕದ ತಂತಿಯಲ್ಲಿ, ಪ ಇದ್ದ ಅದೇ ಫ್ರೆಟ್ಟಿನಲ್ಲಿ ಮೇಲಿನ ಸ. ಈ ಮೂರು ಚುಕ್ಕಿಗಳ ಆಕಾರ ಕುತ್ತಿಗೆಯ ಮೇಲೆ ಎಲ್ಲಿಗೆ ಸರಿಸಿದರೂ ಬದಲಾಗುವುದಿಲ್ಲ. ಹಾಡುವವರು ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಶ್ರುತಿ ‘ಬಿಳಿ ಒಂದು’ ಅಂದರೆ ದಪ್ಪ ತಂತಿಯ ಎಂಟನೇ ಫ್ರೆಟ್, ‘ಕಪ್ಪು ಒಂದು’ ಅಂದರೆ ಒಂಬತ್ತನೆಯದು. ಅಷ್ಟೇ. ಹಾಡಿನಲ್ಲಿ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಬದಲಾದಾಗ ಸ ಜಾಗ ಬದಲಾಗುತ್ತದೆ, ಆಕಾರ ಜೊತೆಗೇ ಹೋಗುತ್ತದೆ. ನಿಜ ಹೇಳಬೇಕೆಂದರೆ ಇಷ್ಟರಲ್ಲೇ ನೂರಾರು ಸಿನಿಮಾ ಹಾಡುಗಳಿಗೆ ಜೊತೆ ಕೊಡಬಹುದು.

ಮೂರನೇ ವಾರದಿಂದ ಕ್ರಮ ಬೇಕು, ನಾನು ಆಗಲೇ ಪುಕ್ಕಟೆ ಅಂದದ್ದು ಇದನ್ನೇ: ಕರ್ನಾಟಕ ಸಂಗೀತದ ಮೊದಲ ಪಾಠಗಳಾದ ಸರಳೆ ವರಸೆ. ಪುರಂದರದಾಸರು ಹಾಕಿಕೊಟ್ಟದ್ದು ಅನ್ನುವ ಈ ಪಾಠಗಳು ಯಾವ ವಾದ್ಯಕ್ಕೂ ಒಗ್ಗುತ್ತವೆ. ನಿಮಗೆ ಬರದಿದ್ದರೆ ಬೀದಿಯಲ್ಲಿ ಸಂಗೀತಕ್ಕೆ ಹೋಗುವ ಮಗು ಒಂದಾದರೂ ಇರುತ್ತದೆ, ಅದರ ಪುಸ್ತಕದ ಫೋಟೋ ತಗೊಳ್ಳಿ. ಅಲ್ಲಿ ಮಾಯಾಮಾಳವಗೌಳ ರಾಗದಲ್ಲಿ ಕಲಿಸುತ್ತಾರೆ. ಬೇಸಿಗೆ ಶಂಕರಾಭರಣ ರಾಗದಿಂದ ಶುರು ಮಾಡುವುದು ಮೇಲು, ಸಿನಿಮಾ ಸಂಗೀತದವರು ಮೇಜರ್ ಸ್ಕೇಲ್ ಅನ್ನುವುದು ಅದನ್ನೇ. ದಪ್ಪ ತಂತಿಯ 8ರಲ್ಲಿ ಸ (ನಡುಬೆರಳು), 10ರಲ್ಲಿ ರಿ (ಕಿರುಬೆರಳು). ಎರಡನೇ ತಂತಿಯ 7ರಲ್ಲಿ ಗ, 8ರಲ್ಲಿ ಮ, 10ರಲ್ಲಿ ಪ. ಮೂರನೇ ತಂತಿಯ 7ರಲ್ಲಿ ದ, 9ರಲ್ಲಿ ನಿ, 10ರಲ್ಲಿ ಮೇಲಿನ ಸ. ಕೈ ಒಂದಿಂಚೂ ಅಲುಗಬೇಕಿಲ್ಲ. ಮ ಮತ್ತು ನಿ ಬಿಟ್ಟು ನುಡಿಸಿದರೆ ಮೋಹನ ರಾಗ ಬಂತು.

ಸರಳೆ ಎಡಗೈಗೆ. ಜಂಟಿ ವರಸೆಯಲ್ಲಿ ಪ್ರತಿ ಸ್ವರ ಎರಡೆರಡು ಸಲ ಬರುತ್ತದಲ್ಲ, ಅದು ಬಲಗೈಯ ಎರಡು ಬೆರಳಿಗೇ ಹೇಳಿ ಮಾಡಿಸಿದ ಹಾಗಿದೆ. ದಾಟು ವರಸೆಗೆ ಬಂದಾಗ ತಂತಿಯಿಂದ ತಂತಿಗೆ ಹಾರಬೇಕಾಗುತ್ತದೆ, ಎಲ್ಲರೂ ಒದ್ದಾಡುವುದು ಅಲ್ಲೇ. ಎಲ್ಲವನ್ನೂ ಮೂರು ಕಾಲದಲ್ಲಿ, ಮೆಟ್ರೊನೋಮ್‌ನ ವೇಗ ಬದಲಾಯಿಸದೆ: ಒಂದು ಟಕ್‌ಗೆ ಒಂದು ಸ್ವರ, ಆಮೇಲೆ ಎರಡು, ಆಮೇಲೆ ನಾಲ್ಕು. ದುಡ್ಡು ಕೊಟ್ಟು ಕಲಿಯುವ ಎಷ್ಟೋ ಹುಡುಗರು ಮೂರನೇ ಕಾಲ ಮುಟ್ಟದೆ ಹಾಡಿಗೆ ಜಿಗಿಯುತ್ತಾರೆ, ಒಂದು ವರ್ಷದ ನಂತರವೂ ಓಡುತ್ತಲೇ ಇರುತ್ತಾರೆ.

ಇದರ ನಡುವೆ ಯೂಟ್ಯೂಬ್ ನಿಮ್ಮನ್ನು ಬಿಡುವುದಿಲ್ಲ, ಗೊತ್ತು. ಹೆಬ್ಬೆರಳಲ್ಲಿ ಟಪಟಪ ಬಡಿಯುವ ಸ್ಲ್ಯಾಪ್ ವಿಡಿಯೋಗಳೇ ಎದುರು ಬರುತ್ತವೆ. ನೋಡಿ, ಖುಷಿಪಡಿ, ಆರು ತಿಂಗಳು ಮುಟ್ಟಬೇಡಿ. ಇಂಗ್ಲಿಷ್ ಓದಲು ತೊಂದರೆ ಇಲ್ಲದವರು ಸ್ಟಡಿಬೇಸ್ ಅನ್ನುವ ಪುಕ್ಕಟೆ ಜಾಲತಾಣ ನೋಡಬಹುದು, ಮೊದಲಿನಿಂದ ಸಾಲಾಗಿ ಪಾಠಗಳಿವೆ. ಒಂದನ್ನು ಹಿಡಿಯಿರಿ. ಹತ್ತು ಕಡೆ ಹತ್ತು ಮೊದಲನೇ ಪಾಠ ನೋಡಿದರೆ ಹತ್ತು ಸಲ ಮೊದಲನೇ ಪಾಠವೇ ಆಗುತ್ತದೆ, ಅಲ್ವಾ?

ಹಾಡು ಕಿವಿಯಿಂದ ಇಳಿಸುವುದು

ಅಂತರ್ಜಾಲದಲ್ಲಿ ಟ್ಯಾಬ್ ಅಂತ ಸಿಗುತ್ತವೆ, ಯಾವ ತಂತಿ ಯಾವ ಫ್ರೆಟ್ ಅಂತ ಅಂಕಿಯಲ್ಲಿ ಬರೆದದ್ದು. ಕನ್ನಡ ಹಾಡುಗಳಿಗೆ ಸಿಗುವುದು ಅಪರೂಪ, ಸಿಕ್ಕರೂ ತಪ್ಪು ತುಂಬಾ. ಕಿವಿಯೇ ಗತಿ. ಮೊದಲು ಹಾಡು ಎಲ್ಲಿ ನೆಮ್ಮದಿಯಾಗಿ ನಿಲ್ಲುತ್ತದೋ ಆ ಸ್ವರ ಗುನುಗಿ, ದಪ್ಪ ತಂತಿಯಲ್ಲಿ ಹುಡುಕಿ. ಅದೇ ಸ. ಆಮೇಲೆ ಪ್ರತಿ ಸಾಲಿನ ಮೊದಲ ಪೆಟ್ಟಿನಲ್ಲಿ ಬೇಸ್ ಯಾವ ಸ್ವರದಲ್ಲಿದೆ ಅಂತಷ್ಟೇ ಹಿಡಿಯಿರಿ, ನಡುವಿನದು ಆಮೇಲೆ.

ತಗ್ಗಿನ ದನಿ ಗೊಜಗೊಜ ಅನಿಸಿದರೆ ಒಂದು ಉಪಾಯ. ಆಡಾಸಿಟಿ ಅಂತ ಕಂಪ್ಯೂಟರಿಗೆ ಪುಕ್ಕಟೆ ಸಿಗುವ ತಂತ್ರಾಂಶ ಇದೆ. ಅದರಲ್ಲಿ ಹಾಡು ತೆರೆದು, ಶ್ರುತಿಯನ್ನು 12 ಸೆಮಿಟೋನ್ ಮೇಲಕ್ಕೆ ಏರಿಸಿ. ಹಾಡುವವರು ಇಲಿಮರಿಗಳ ಹಾಗೆ ಕೇಳುತ್ತಾರೆ, ನಗು ಬರುತ್ತದೆ, ಆದರೆ ಬೇಸ್ ಒಂದು ಸ್ಥಾಯಿ ಮೇಲೆ ಬಂದು ಎದ್ದು ಕೂರುತ್ತದೆ. ವೇಗವನ್ನೂ ಅಲ್ಲೇ ಅರ್ಧಕ್ಕೆ ಇಳಿಸಬಹುದು. ಸ್ವರ ಸಿಕ್ಕಿದ ಮೇಲೆ ಮತ್ತೆ ಹಾಡು ಕೇಳಿ, ಈ ಸಲ ಡ್ರಮ್ ಕಡೆ ಕಿವಿ ಇಟ್ಟು. ಕಾಲಲ್ಲಿ ಒದೆಯುವ ದೊಡ್ಡ ಡ್ರಮ್ಮಿನ ಧಪ್ ಎಲ್ಲಿ ಬೀಳುತ್ತದೋ, ಬೇಸ್ ಹೆಚ್ಚುಕಮ್ಮಿ ಅಲ್ಲೇ ಬೀಳುತ್ತದೆ.

ಈಗ ಆ ಕಷ್ಟದ ಎರಡನೇ ವಿಷಯ, ತಪ್ಪು ಹೇಳುವವರು. ದಿನಾ ಕೊನೆಗೆ ಎರಡು ನಿಮಿಷ ಫೋನಿನಲ್ಲಿ ರೆಕಾರ್ಡ್ ಮಾಡಿ, ಆದರೆ ಆಗಲೇ ಕೇಳಬೇಡಿ. ಆ ಹೊತ್ತಿನಲ್ಲಿ ಕೈಗೆ ನೆನಪಿರುತ್ತದೆ, ಕಿವಿ ಕ್ಷಮಿಸಿಬಿಡುತ್ತದೆ. ಮಾರನೇ ದಿನ ಶುರು ಮಾಡುವ ಮೊದಲು ಇಯರ್‌ಫೋನ್ ಹಾಕಿ, ಬೇರೆ ಯಾರೋ ನುಡಿಸಿದ್ದು ಅಂದುಕೊಂಡು ಕೇಳಿ. ಒಂದೇ ತಪ್ಪು ಆರಿಸಿ, ಅವತ್ತು ಅದನ್ನಷ್ಟೇ ತಿದ್ದಿ. ನನ್ನ ಮೊದಲ ರೆಕಾರ್ಡಿಂಗ್ ಕೇಳಿದಾಗ ತಿಳಿದದ್ದು, ಸುಲಭದ ಜಾಗದಲ್ಲಿ ಓಡುತ್ತೇನೆ, ಕಷ್ಟದ ಜಾಗದಲ್ಲಿ ನಿಲ್ಲುತ್ತೇನೆ ಅಂತ. ಅಲ್ಲಿಯ ತನಕ ನಾನು ತಾಳದಲ್ಲಿ ಪಕ್ಕಾ ಅಂದುಕೊಂಡಿದ್ದೆ. ತಿಂಗಳಿಗೊಮ್ಮೆ ಗೊತ್ತಿರುವವರ ಮುಂದೆ ನುಡಿಸಿ ಕೇಳಿ. ಮೃದಂಗದವರಾದರೂ ಸರಿ, ತಬಲಾದವರಾದರೂ ಸರಿ. ತಾಳದ ತಪ್ಪು ಅವರಿಗಿಂತ ಚೆನ್ನಾಗಿ ಯಾರೂ ಹಿಡಿಯಲಾರರು.

ಜೊತೆಗೆ ನುಡಿಸಲು ಜನ ಸಿಗುತ್ತಾರಾ ಅಂತ ಚಿಂತೆ ಬೇಡ. ಗಿಟಾರಿನವರು ಬೀದಿಗೊಬ್ಬರಿರುತ್ತಾರೆ, ಬೇಸಿನವರಿಗೆ ಹುಡುಕಾಟ. ಇಂಗ್ಲೆಂಡಿನ ಹೆಸರಾಂತ ಬೇಸ್ ವಾದಕ ಪಾಲ್ ಮೆಕಾರ್ಟ್ನಿ ಕೂಡ ಮೊದಲು ಗಿಟಾರಿನವನೇ. 1961ರಲ್ಲಿ ಬೀಟಲ್ಸ್ ತಂಡದ ಬೇಸಿನವನು ಬಿಟ್ಟುಹೋದಾಗ ಆ ಜಾಗಕ್ಕೆ ಬಂದ. ಚರ್ಚಿನ ಗಾಯನ ತಂಡ, ಕಾಲೇಜಿನ ಬ್ಯಾಂಡ್, ಊರಿನ ಆರ್ಕೆಸ್ಟ್ರಾದ ಅಭ್ಯಾಸ, ಎಲ್ಲಾದರೂ ಹೋಗಿ ಕೂತುಕೊಳ್ಳಿ. ‘ಅಣ್ಣಾ, ಒಂದು ಮೂಲೆಯಲ್ಲಿ ಕೂತು ಸ ಮಾತ್ರ ನುಡಿಸ್ತೀನಿ’ ಅಂದರೆ ಬೇಡ ಅನ್ನುವವರು ಕಡಿಮೆ.

ಹೋಗುವ ಹಿಂದಿನ ದಿನ ಯಾವ ಹಾಡು, ಯಾವ ಶ್ರುತಿ ಅಂತ ಕೇಳಿಕೊಳ್ಳಿ. ಸ್ವರಗಳನ್ನು ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಕಾಲ ಹತ್ತಿರ ಇಟ್ಟುಕೊಳ್ಳಿ. ಡ್ರಮ್ಮಿನವರ ಕಾಲು ಕಾಣುವ ಕಡೆ ನಿಲ್ಲಿ. ದಾರಿ ತಪ್ಪಿದರೆ ತಡಕಾಡಬೇಡಿ, ತಂತಿಗಳ ಮೇಲೆ ಅಂಗೈ ಇಟ್ಟು ಸುಮ್ಮನಾಗಿ, ಮುಂದಿನ ಸಾಲಿನ ಮೊದಲ ಪೆಟ್ಟಿಗೆ ಸ ಹಾಕಿ ಒಳಗೆ ಬನ್ನಿ. ವೈರು ಮಾತ್ರ ನಿಮ್ಮದೇ ತಗೊಂಡು ಹೋಗಿ, ಅಲ್ಲಿ ಯಾವತ್ತೂ ಒಂದು ಕಮ್ಮಿ ಇರುತ್ತದೆ.