ಹೆಗಲ ಮೇಲೆ ಮೂಳೆ ಎದ್ದು ನಿಂತಿದೆಯೇ? ಹೀಗೆ ಮಾಡಿ

ಸೈಕಲ್‌ನಿಂದ ಉರುಳಿ ಹೆಗಲ ತುದಿ ನೆಲಕ್ಕೆ ಬಡಿಯಿತು ಅನ್ನಿ. ಕನ್ನಡಿ ಮುಂದೆ ನಿಂತರೆ ಹೆಗಲ ಮೇಲೊಂದು ಗುಬುಟು. ಒತ್ತಿದರೆ ಹಾರ್ಮೋನಿಯಂ ಮನೆಯಂತೆ ತಗ್ಗಿ, ಬಿಟ್ಟರೆ ಮತ್ತೆ ಮೇಲೇಳುತ್ತದೆ. ‘ಭುಜ ಜಾರಿದೆ’ ಎಂದು ಎಲ್ಲರೂ ಹೇಳಿಬಿಡುತ್ತಾರೆ. ಆದರೆ ಇಲ್ಲಿ ಜಾರಿದ್ದು ತೋಳಿನ ಗುಂಡಲ್ಲ. ಕಾಲರ್ ಬೋನ್ ಮತ್ತು ಹೆಗಲ ಮೂಳೆ ಕೂಡುವ ಎಸಿ ಜಾಯಿಂಟ್ ಬಿಟ್ಟುಕೊಂಡಿದೆ. ನಿಜ ಹೇಳಬೇಕೆಂದರೆ ಕಾಲರ್ ಬೋನ್ ಎದ್ದದ್ದಕ್ಕಿಂತ, ಅದನ್ನು ಹಿಡಿದಿದ್ದ ಲಿಗಮೆಂಟ್ (ಮೂಳೆಗೆ ಮೂಳೆ ಕಟ್ಟುವ ನಾರು) ಹರಿದು ತೋಳಿನ ಭಾರಕ್ಕೆ ಹೆಗಲೇ ಕೆಳಗೆ ಜೋತುಬಿದ್ದಿರುತ್ತದೆ.

ಮೊದಲು ಮಾಡಬೇಕಾದ್ದು: ಮೊಣಕೈ ಮಡಚಿ, ಬಟ್ಟೆಯ ಜೋಳಿಗೆ ಕಟ್ಟಿ ತೋಳಿನ ಭಾರ ಇಳಿಸಿ. ಬಟ್ಟೆಯಲ್ಲಿ ಸುತ್ತಿದ ಐಸ್ ಅನ್ನು 15–20 ನಿಮಿಷ ಇಡಿ. ದಯವಿಟ್ಟು ಯಾರಿಗೂ ಎಳೆದು ಕೂರಿಸಲು, ತಿಕ್ಕಲು ಬಿಡಬೇಡಿ. ಕೈ ಜೋಮು ಹಿಡಿದರೆ, ತಣ್ಣಗಾದರೆ, ಉಸಿರಾಟ ಕಷ್ಟವಾದರೆ ತಡಮಾಡದೆ ತುರ್ತು ಚಿಕಿತ್ಸೆಗೆ ಹೋಗಿ.

ಮುಂದಿನದು ಎಕ್ಸ್-ರೇ. ಎರಡೂ ಹೆಗಲನ್ನು ಹೋಲಿಸಿ ನೋಡಿದರೆ ಅಂತರ ಸ್ಪಷ್ಟವಾಗುತ್ತದೆ. ಗಾಯ ಎಷ್ಟು ತೀವ್ರ ಎಂದು ನೋಡಿ ವೈದ್ಯರು ರಾಕ್‌ವುಡ್ ವಿಂಗಡಣೆಯಂತೆ ಇದನ್ನು 6 ಬಗೆ ಮಾಡುತ್ತಾರೆ. 1 ಮತ್ತು 2ನೆಯ ಬಗೆಗೆ ಆಪರೇಷನ್ ಬೇಡ. ಒಂದೆರಡು ವಾರ ಜೋಳಿಗೆ, ಆಮೇಲೆ ವ್ಯಾಯಾಮ. 4, 5, 6ನೆಯ ಬಗೆಗೆ ಸಾಮಾನ್ಯವಾಗಿ ಆಪರೇಷನ್ನೇ ದಾರಿ. ಚರ್ಚೆಯೆಲ್ಲ 3ನೆಯದರದ್ದು. ಅದರಲ್ಲೂ ಬಹಳಷ್ಟು ಜನ ಆಪರೇಷನ್ ಇಲ್ಲದೆಯೇ ಚೇತರಿಸಿಕೊಳ್ಳುತ್ತಾರೆ, ಗುಬುಟು ಮಾತ್ರ ಉಳಿಯುತ್ತದೆ. ನೋಡಲು ಚೆನ್ನಾಗಿಲ್ಲ ಎಂಬ ಒಂದೇ ಕಾರಣಕ್ಕೆ ಚಾಕುವಿಗೆ ಮೈಯೊಡ್ಡುವುದು ನನಗೆ ಸರಿ ಕಾಣುವುದಿಲ್ಲ. ಆದರೆ ಸದಾ ತಲೆಗಿಂತ ಎತ್ತರಕ್ಕೆ ಭಾರ ಎತ್ತುವ ಕೆಲಸದವರಾಗಿದ್ದರೆ, ತಿಂಗಳುಗಟ್ಟಲೆ ನೋವು ಉಳಿದರೆ ಮಾತು ಬೇರೆ. ನಿಮ್ಮ ಕೆಲಸ ಎಂಥದ್ದೆಂದು ವೈದ್ಯರಿಗೆ ಬಿಡಿಸಿ ಹೇಳಿ.

ಆಪರೇಷನ್ನಿನಲ್ಲಿ ಕಾಲರ್ ಬೋನನ್ನು ಮೊದಲಿನ ಮಟ್ಟಕ್ಕೆ ತಂದು ಹಿಡಿದಿಡುತ್ತಾರೆ. ಒಂದು ವಿಧಾನದಲ್ಲಿ ಮೂಳೆಗೆ ತೂತು ಕೊರೆದು, ಗಟ್ಟಿ ದಾರವನ್ನು ಕೆಳಗಿನ ಕೊಕ್ಕಿನಾಕಾರದ ಮೂಳೆಗೆ ಬಿಗಿದು, ತುದಿಗೆ ಲೋಹದ ಪುಟ್ಟ ಗುಂಡಿ ಕೂರಿಸುತ್ತಾರೆ, ಅಂಗಿಗೆ ಗುಂಡಿ ಹೊಲಿದ ಹಾಗೆ. ಇನ್ನೊಂದು, ಕೊಕ್ಕೆಯುಳ್ಳ ಪ್ಲೇಟು. ಇದನ್ನು ಸಾಮಾನ್ಯವಾಗಿ ಕೆಲವು ತಿಂಗಳ ನಂತರ ಮತ್ತೊಂದು ಆಪರೇಷನ್ ಮಾಡಿ ತೆಗೆಯಬೇಕು. ಈ ಮಾತನ್ನು ಮೊದಲೇ ಕೇಳಿಟ್ಟುಕೊಳ್ಳಿ. ಗಾಯ ಹಳೆಯದಾಗಿದ್ದರೆ ಹರಿದ ಲಿಗಮೆಂಟ್ ತಾನಾಗಿ ಕೂಡುವ ಸಾಧ್ಯತೆ ಕಡಿಮೆ, ಹಾಗಾಗಿ ಬೇರೆಡೆಯ ಸ್ನಾಯುರಜ್ಜು ತಂದು ಕಸಿ ಮಾಡಬೇಕಾಗಬಹುದು.

ಬಳಿಕ ಸುಮಾರು 6 ವಾರ ಜೋಳಿಗೆ. ಅಂಗಿ ತೊಡುವಾಗ ನೋವಿನ ಕೈ ಮೊದಲು ತೋಳಿಗೆ ಹೋಗಲಿ, ಬಿಚ್ಚುವಾಗ ಅದು ಕೊನೆಗೆ ಬರಲಿ. ಬೆರಳು, ಮಣಿಕಟ್ಟು ಆಡಿಸುತ್ತಿರಿ. ಆ ಅವಧಿಯಲ್ಲಿ ಕೈಯನ್ನು ಹೆಗಲಿಗಿಂತ ಮೇಲೆ ಎತ್ತಬೇಡಿ, ತುಂಬಿದ ಚೀಲ ಹಿಡಿಯಬೇಡಿ. ಬಲ ತುಂಬುವ ವ್ಯಾಯಾಮ ಸುಮಾರು 3 ತಿಂಗಳ ಹೊತ್ತಿಗೆ, ಮೈಗೆ ಮೈ ತಾಗುವ ಆಟ 4ರಿಂದ 6 ತಿಂಗಳಿಗೆ. ಅದೂ ಫಿಸಿಯೊಥೆರಪಿಸ್ಟ್ ಎರಡೂ ಕೈಗಳ ಬಲ ಹೋಲಿಸಿ ನೋಡಿದ ಮೇಲೆ.