ಹಿಂದಿನ ಆಕ್ಸಲ್ ಬದಲಿಸಿದ ಮೇಲೆ ಶಾಫ್ಟ್ ನಡುಕ ಹೋಗಿದ್ದು ಹೀಗೆ

ನನ್ನ ಷೆವರ್ಲೆ ಎಸ್-10 ಪಿಕಪ್‌ಗೆ ಫೋರ್ಡ್ ಎಕ್ಸ್‌ಪ್ಲೋರರ್‌ನ 8.8 ಇಂಚಿನ (ಒಳಗಿನ ರಿಂಗ್ ಗೇರ್ ವ್ಯಾಸ) ಹಿಂದಿನ ಆಕ್ಸಲ್ ಹಾಕಿದೆ. ಗೇರ್‌ಬಾಕ್ಸ್‌ನಿಂದ ಆಕ್ಸಲ್‌ಗೆ ಬಲ ಒಯ್ಯುವ ಡ್ರೈವ್‌ಶಾಫ್ಟ್, ಎರಡು ಅಳತೆಯ ಕಪ್ ಇರುವ ಕನ್ವರ್ಷನ್ ಯು-ಜಾಯಿಂಟ್‌ನಿಂದ (ಎರಡು ಬೇರೆ ಅಳತೆಯ ಭಾಗ ಸೇರಿಸುವ ಮಡಚುವ ಕೀಲು) ಕೂತಿತು. ಆದರೆ 70 ಕಿ.ಮೀ. ವೇಗ ದಾಟಿದರೆ ಸೀಟಿನಡಿ ನಡುಕ. ಶಾಫ್ಟ್ ಬ್ಯಾಲೆನ್ಸ್ ಮಾಡಿಸಿದೆ, ಚಕ್ರ ಅದಲುಬದಲು ಮಾಡಿದೆ, ಗೇರ್‌ಬಾಕ್ಸ್ ಮೌಂಟ್ ಬದಲಿಸಿದೆ. ಸುಮ್ನೆ ದುಡ್ಡು ಹೋಯಿತು.

ತಪ್ಪು ಇದ್ದದ್ದು ಪಿನಿಯನ್ ಕೋನದಲ್ಲಿ, ಅಂದರೆ ಆಕ್ಸಲ್‌ನಲ್ಲಿ ಶಾಫ್ಟ್ ಸೇರುವ ಮೂತಿಯ ಓರೆಯಲ್ಲಿ. ಆಕ್ಸಲ್ ನೇತಾಡುವಾಗ ಅಳೆದಿದ್ದೆ, ಅದು ಲೆಕ್ಕಕ್ಕಿಲ್ಲ. ಈ ಸಲ ಗಾಡಿಯ ಭಾರ ಟೈರಿನ ಮೇಲೆ ಬಿಟ್ಟು ಅಳೆದೆ. ಗೇರ್‌ಬಾಕ್ಸ್ ಬಾಲ (ಹಿಂದಿನ ತುದಿ) 3 ಡಿಗ್ರಿ ಕೆಳಕ್ಕೆ, ಪಿನಿಯನ್ ಮೂತಿ 6 ಡಿಗ್ರಿ ಮೇಲಕ್ಕೆ! ಎರಡೂ ಹೆಚ್ಚುಕಮ್ಮಿ ಸಮ ಇರಬೇಕು. ಲೀಫ್ ಸ್ಪ್ರಿಂಗ್ (ಪಟ್ಟಿ ಸ್ಪ್ರಿಂಗ್) ಮತ್ತು ಅದು ಕೂರುವ ಆಕ್ಸಲ್ ಪ್ಯಾಡ್ ನಡುವೆ 4 ಡಿಗ್ರಿಯ ಓರೆ ಶಿಮ್ (ಬೆಣೆಯಂಥ ಲೋಹದ ತುಂಡು) ಇಟ್ಟೆ. ಸ್ಪ್ರಿಂಗ್ ಆಕ್ಸಲ್ ಮೇಲಿದ್ದರೆ ದಪ್ಪ ತುದಿ ಮುಂದಕ್ಕೆ. ಈಗ ಮೂತಿ 2 ಡಿಗ್ರಿ. ಆಕ್ಸಿಲರೇಟರ್ ಒತ್ತಿದಾಗ ಅದು ತಾನೇ ಸ್ವಲ್ಪ ಏಳುತ್ತದೆ, ಅದಕ್ಕೇ ಬಾಲದ 3 ಡಿಗ್ರಿಗಿಂತ 1 ಕಡಿಮೆ. ಸ್ಲಿಪ್ ಯೋಕ್ (ಗೇರ್‌ಬಾಕ್ಸ್ ಒಳಗೆ ಜಾರುವ ಶಾಫ್ಟ್ ತುದಿ) ಪೂರ್ತಿ ಒಳಗೆ ತಳ್ಳಿ, 25 ಮಿ.ಮೀ. ಹೊರಗೆಳೆದ ಜಾಗದಲ್ಲಿ ಶಾಫ್ಟ್ ಕೂತಿದೆಯಾ ನೋಡಿ, ಆಮೇಲೆ ಸ್ಪ್ರಿಂಗ್‌ನ ಯು-ಬೋಲ್ಟ್ ಬಿಗಿದೆ. ನಡುಕ ನಿಂತಿತು.