ಕೌದಿ ಸುಕ್ಕು ಬರ್ಲಾರ್ದಂಗ ಹೊಲಿಯಾಕ

ಅಕ್ಕಾರ, ಮೊನ್ನೆ ಕೌದಿ (ಹಳೆ ಅರಿವಿ ಪದರು ಕೂಡಿಸಿ ಹೊಲಿಯೋ ಹೊದಿಕಿ) ಫೋಟೋ ಹಾಕಿದ್ಮ್ಯಾಲೆ ಭಾಳ ಮಂದಿ ಕೇಳಾಕತ್ತೀರಿ, ಸುಕ್ಕು ಬರ್ಲಾರ್ದಂಗ ಹೆಂಗ ಹೊಲಿತೀರಿ ಅಂತ, ಅದ್ಕ ಬರ್ಯಾಕತ್ತೀನಿ. ಹಳೆ ಇಳಕಲ್ ಸೀರಿ ಇದ್ರ ಕಾಟನ್ ಒಡಲಷ್ಟ ತೊಗೊರಿ, ರೇಷ್ಮಿ ಸೆರಗು ಬ್ಯಾರೆ ತಗದಿಡ್ರಿ, ಎರಡೂ ಕೂಡಿಸಿದ್ರ ತೊಳದಾಗ ಒಂದು ಜಗ್ತೈತಿ ಒಂದು ಸಡ್ಲಾಗ್ತೈತಿ. ಕೆಂಪು ಅರಿವಿ ಇದ್ರಂತೂ ಹಸಿ ಮಾಡಿ ಬಿಳೆ ಬಟ್ಟಿಗೆ ತಿಕ್ಕಿ ನೋಡ್ರಿ, ಬಣ್ಣ ಹತ್ತಿದ್ರ ಆ ತುಂಡು ಬ್ಯಾಡs ಬ್ಯಾಡ.

ಪದರು ಹಾಸಿದ್ಮ್ಯಾಲೆ ನಡುವಿನಿಂದ ಹೊರಗ ಕೈಲೆ ಸವರಿ ಅಲ್ಲಲ್ಲೆ ದೊಡ್ಡ ಕಚ್ಚಾ ಹೊಲಿಗಿ (ಆಮ್ಯಾಲೆ ಬಿಚ್ಚೋದು) ಹಾಕ್ರಿ, ಇದೊಂದು ಬಿಡಬ್ಯಾಡ್ರಿ. ಹಳಿಯಾಳ, ಯಲ್ಲಾಪುರ ಕಡೆ ಸಿದ್ದಿ ಜನಾಂಗದ ಹೆಣ್ಮಕ್ಳು ಅಂಚಿನಿಂದ ಸುತ್ತ ಹೊಲಕೋತ ನಡುವಕ್ಕ ಬರ್ತಾರ, ನಾನೂ ಹಂಗ ಮಾಡ್ತೀನಿ, ಆ ಸಾಲು ಎಷ್ಟ್ ಚಂದ ಕಾಣ್ತಾವು! ಸಾಲಿಂದ ಸಾಲಿಗೆ ಅರ್ಧ ಇಂಚು ಸಾಕು.

ಈಗ ಓಣ್ಯಾಗಿನ ಬಾಣಂತಿಗೆ ಕೊಡಾಕ ಕೂಸಿನ ಕೌದಿ ಹಿಡದೀನಿ. ಒಳಮಗ್ಗಲಕ್ಕ ಹಳೆ ಧೋತ್ರ ಹಾಕೀನಿ, ತೊಳದು ತೊಳದು ಭಾಳ ಮೆತ್ತಗಾಗಿರ್ತೈತಿ. ಕೂಸಿಂದಕ್ಕ ಜರಿ, ಗುಂಡಿ, ಟಿಕಳಿ ಏನೂ ಹಚ್ಚಬ್ಯಾಡ್ರಿ, ಗುಳೇದಗುಡ್ಡ ಖಣದ (ಕುಪ್ಪಸದ ಅರಿವಿ) ತುಂಡು ಇದ್ರ ಗ್ವಾಡಿಗೆ ಹಾಕೋ ಕೌದಿಗೆ ಇಟಗೊರಿ. ಕೊಡೋಕಿಂತ ಮೊದ್ಲ ಒಮ್ಮೆ ತೊಳದು ಬಿಸಲಾಗ ಒಣಗಿಸ್ರಿ.